ಹೊಸೂರೆಂಬ ಹಳೆಯ ಊರು

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಶಾಲೆಯ ಸಾಧನೆಗಳನ್ನು ಎಣಿಸುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಮುಂಚೆ ಮಾತನಾಡಿದ ಹಿರಿಯರು ಸೊಗಸಾಗಿ ಮಾಡಿದ್ದಾರೆ. ನಾನು ಈ ಶಾಲೆಯನ್ನು ಹೆತ್ತ ಊರಿನ ಬಗ್ಗೆ, ಅಂದರೆ ಆಲಸನತ್ತಂ ಗ್ರಾಮವನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆದಿರುವ ಹೊಸೂರಿನ ಬಗ್ಗೆ, ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ತಮಿಳುನಾಡಿನಲ್ಲಿರುವ ಈ ಊರಿನಲ್ಲಿ ಕನ್ನಡ ಶಾಲೆ ಏಕೆ ಇದೆ, ಇನ್ನು ಮುಂದೆಯೂ ಏಕೆ ಇರಬೇಕು ಎಂಬ ಪ್ರಶ್ನೆಗೆ ಉತ್ತರವು ಊರಿನ ಚರಿತ್ರೆಯಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಮೊದಲು ಹೆಸರನ್ನೇ ನೋಡೋಣ. 'ಹೊಸ' ಎಂಬ ಗುಣವಾಚಕಕ್ಕೆ 'ಊರು' ಸೇರಿ 'ಹೊಸೂರು' ಆಯಿತೆಂದು ನಮ್ಮ ನಾಲ್ಕನೆಯ ತರಗತಿಯ ಮಗುವೂ ಬಿಡಿಸಿ ಹೇಳಬಲ್ಲದು. ತಮಿಳಿನ ಬಾಯಲ್ಲಿ 'ಹ'ಕಾರ ಕರಗಿ ಅದು 'ಓಸೂರ್' ಆಗಿದೆ. ಬಸ್ಸಿನ ಫಲಕದ ಮೇಲೆ ನಾವು ದಿನವೂ ಓದುವುದು ಆ ರೂಪವನ್ನು. ಆದರೆ ಈ ಹೊಸ ಊರು ಹೊಸದಲ್ಲ. ಬೆಟ್ಟದ ಮೇಲಿನ ಚಂದ್ರಚೂಡೇಶ್ವರ ದೇವಾಲಯದ ಶಾಸನಗಳಲ್ಲಿ ಈ ಸ್ಥಳಕ್ಕೆ 'ಸೆವಿಡಪಾಡಿ' ಎಂಬ ಹಳೆಯ ಹೆಸರಿದೆ. ಇನ್ನು ನಮ್ಮ ಆಲಸನತ್ತಂ. ಇದರ ಕೊನೆಯಲ್ಲಿರುವ 'ನತ್ತಂ' ಎಂಬುದು ತಮಿಳುನಾಡಿನ ಕಂದಾಯ ದಾಖಲೆಗಳಲ್ಲಿ ಜನವಸತಿಯ ಜಾಗಕ್ಕೆ ಇರುವ ಮಾತು. ಗಡಿಯಾಚೆ ಆನೇಕಲ್ಲಿನಲ್ಲಿ ಅದನ್ನೇ 'ಗ್ರಾಮಠಾಣ' ಎನ್ನುತ್ತಾರೆ. ಸುತ್ತಲಿನ ಊರುಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಹೇಳಿಕೊಂಡು ನೋಡಿ: ಕೆಲವು ಕನ್ನಡದ 'ಹಳ್ಳಿ'ಯಲ್ಲಿ ಮುಗಿಯುತ್ತವೆ, ಕೆಲವು ತೆಲುಗಿನ 'ಪಲ್ಲಿ'ಯಲ್ಲಿ, ಇನ್ನು ಕೆಲವು ತಮಿಳಿನ 'ಪಟ್ಟಿ'ಯಲ್ಲಿ. ಯಾರೂ ಗೆರೆ ಎಳೆದು ಹಂಚಿದ ಹೆಸರುಗಳಲ್ಲ ಇವು. ಬಂದು ನೆಲೆಸಿದವರು ಕರೆದರು, ಪಕ್ಕದವರು ಹಾಗೆಯೇ ಕರೆಯತೊಡಗಿದರು.

ಈ ನೆಲದಲ್ಲಿ ಮನುಷ್ಯರು ಬಾಳಿದ ಕಾಲವಂತೂ ಬಹು ಹಿಂದಿನದು. ನಮ್ಮ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ದೊರೆತ ಕಬ್ಬಿಣದ ಬಳಕೆಯ ಕುರುಹುಗಳು ಸುಮಾರು 4,200 ವರ್ಷಗಳಷ್ಟು ಹಳೆಯವೆಂದು 2022ರಲ್ಲಿ ತಮಿಳುನಾಡು ಸರಕಾರವು ಪ್ರಕಟಿಸಿತು. ಜಿಲ್ಲೆಯ ಹೊಲಗದ್ದೆಗಳ ಬದಿಯಲ್ಲಿ, ಕೆರೆಯ ಏರಿಗಳ ಮೇಲೆ ವೀರಗಲ್ಲುಗಳು ಇಂದಿಗೂ ನಿಂತಿವೆ. ಒಂಬತ್ತನೆಯ ಶತಮಾನದಲ್ಲಿ ನೊಳಂಬರ ದೊರೆ ಮಹೇಂದ್ರನ ಕಾಲಕ್ಕೆ ನಮ್ಮ ನೆರೆಯ ಧರ್ಮಪುರಿಯಲ್ಲಿ ಕನ್ನಡ ಶಾಸನ ಹುಟ್ಟಿತು. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳ ರಾಮನಾಥನು ಈ ಸೀಮೆಯ ಕುಂದಾಣಿಯಿಂದ ರಾಜ್ಯಭಾರ ಮಾಡಿದನು. ಗಮನಿಸಬೇಕಾದ ಸಂಗತಿಯೆಂದರೆ, ಕನ್ನಡ ನಾಡಿನ ಮನೆತನಕ್ಕೆ ಸೇರಿದ ಈ ದೊರೆಯ ಕಾಲದ ಶಾಸನಗಳಲ್ಲಿ ಹೆಚ್ಚಿನವು ತಮಿಳಿನಲ್ಲಿವೆ. ಪ್ರಜೆಗಳಿಗೆ ತಿಳಿಯುವ ನುಡಿಯಲ್ಲಿ ಬರೆಸುವುದು ದೊರೆಗೆ ಅವಮಾನವಾಗಿ ತೋರಲಿಲ್ಲ. ಭಾಷೆಯ ವಿಷಯದಲ್ಲಿ ನಮ್ಮ ಪೂರ್ವಿಕರಿಗಿದ್ದ ನಿರಾಳವನ್ನು ನಾವು ಇಲ್ಲಿ ಕಾಣಬಹುದು.

ಮುಂದೆ ಈ ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತು. ಒಡೆಯರ ನಂತರ ಹೈದರನೂ ಟಿಪ್ಪುವೂ ಹೊಸೂರಿನ ಕೋಟೆಯನ್ನು ತಮ್ಮ ಗಡಿಯ ಕಾವಲಾಗಿ ಇರಿಸಿಕೊಂಡರು. ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ, 1791ರ ಜುಲೈ ತಿಂಗಳಲ್ಲಿ, ಹೊಸೂರೂ ರಾಯಕೋಟೆಯೂ ಇಂಗ್ಲಿಷರ ವಶವಾದವು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಂತೆ ಘಟ್ಟದ ಕೆಳಗಿನ ಬಾರಾಮಹಲ್ ಕಂಪನಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಟಿಪ್ಪುವಿನ ಬಳಿಯಲ್ಲಿಯೇ ಉಳಿದು, 1799ರಲ್ಲಿ ಅವನ ಮರಣಾನಂತರ ಕಂಪನಿಯ ಪಾಲಾಯಿತು. ಆಗ ಈ ಭಾಗವನ್ನು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿಸಲಾಯಿತು. ನಮ್ಮ ಶಾಲೆ ಆರಂಭವಾದಾಗ ಇದ್ದ ವಿಳಾಸವೂ ಅದೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ನಾವು ಧರ್ಮಪುರಿ ಜಿಲ್ಲೆಯವರಾದೆವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಒಂದೇ ಮನೆಯಲ್ಲಿ ಹುಟ್ಟಿ, ಅದೇ ಮನೆಯಲ್ಲಿ ಮುಪ್ಪಾದ ಒಬ್ಬ ಅಜ್ಜಿ ತನ್ನ ಜೀವಮಾನದಲ್ಲಿ ಮೂರು ಜಿಲ್ಲೆಗಳನ್ನು ಕಂಡಿದ್ದಾಳೆ. ಮನೆ ಕದಲಲಿಲ್ಲ, ಗೆರೆಗಳು ಕದಲಿದವು. ಇಲ್ಲಿನ ಕನ್ನಡಿಗರು ಎಲ್ಲಿಂದಲೋ ವಲಸೆ ಬಂದ ಅತಿಥಿಗಳಲ್ಲ, ಯಾರ ಜಾಗವನ್ನೂ ಕಿತ್ತುಕೊಂಡವರೂ ಅಲ್ಲ ಎಂಬುದನ್ನು ಮಕ್ಕಳು ಈ ಚರಿತ್ರೆಯಿಂದ ಅರಿಯಬೇಕು.

ಊರು ಬೆಳೆದ ಬಗೆಯನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. 1824ರಲ್ಲಿ ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವುದಕ್ಕಾಗಿ ಮತ್ತಿಗಿರಿಯಲ್ಲಿ ಸ್ಥಾಪನೆಯಾದ ಕೇಂದ್ರವು ಮುಂದೆ ಸರಕಾರದ ಜಾನುವಾರು ಕ್ಷೇತ್ರವಾಗಿ, ಸಾವಿರದ ಆರುನೂರು ಎಕರೆಗೂ ಮೀರಿದ ವಿಸ್ತಾರದಲ್ಲಿ ಇಂದಿಗೂ ಇದೆ. 1913ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಯ ಮಾರ್ಗವಾಗಿ ಹೊಸೂರಿಗೆ ಸಣ್ಣ ಹಳಿಯ ರೈಲು ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದು ನಿಂತುಹೋಯಿತು. ಈಗಿನ ದೊಡ್ಡ ಹಳಿ ಬಹಳ ನಂತರದ್ದು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಏರ್ಪಟ್ಟಿತು. 1980ರಲ್ಲಿ ಇಲ್ಲಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡು ದೇಶದ ಹಳ್ಳಿಹಳ್ಳಿಗೂ ಹೊಸೂರಿನ ದುಡಿಮೆಯನ್ನು ಕೊಂಡೊಯ್ದಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ರಾಗಿ, ಅವರೆ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳಲ್ಲಿ ಕೆಲವು ಬಡಾವಣೆಗಳಾದವು, ಕೆಲವು ಗುಲಾಬಿಯ ಹಸಿರುಮನೆಗಳಾದವು. ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಆ ಕಾರ್ಖಾನೆಗಳಲ್ಲಿ, ಆ ತೋಟಗಳಲ್ಲಿ ದುಡಿಯುತ್ತಿರುವವರೇ.

ಇಷ್ಟೆಲ್ಲ ಬದಲಾದ ಊರಿನಲ್ಲಿ ಬದಲಾಗದೆ ಉಳಿದಿರುವುದು ಯಾವುದು? ಅದು ಪರಂಪರೆ. ಫಾಲ್ಗುಣ ಮಾಸದ ಚಂದ್ರಚೂಡೇಶ್ವರನ ತೇರನ್ನೇ ನೋಡಿ. ಶಿವನು ಉಡದ ರೂಪದಲ್ಲಿ ಈ ಬೆಟ್ಟಕ್ಕೆ ಬಂದನೆಂದು ಸ್ಥಳಪುರಾಣ ಹೇಳುತ್ತದೆ. ದೇವಿಗೆ ಮರಕತಾಂಬಿಕೆ ಎಂದು ಹೆಸರು. ತಮಿಳರಿಗೆ ಅದು ಪಂಗುನಿ ತಿಂಗಳ ಉತ್ಸವ. ತೇರಿನ ದಿನ ತಮಿಳುನಾಡು, ಕರ್ನಾಟಕ, ಆಂಧ್ರ ಮೂರೂ ಕಡೆಗಳಿಂದ ಜನ ಬರುತ್ತಾರೆ. ಮಿಣಿಯನ್ನು ಹಿಡಿದವರು ಮೂರು ನುಡಿಗಳಲ್ಲಿ ದೇವರನ್ನು ಕೂಗುತ್ತಾರೆ; ತೇರು ಮುಂದಕ್ಕೆ ಸಾಗುತ್ತದೆ. ಗಡಿಸೀಮೆಯ ಊರುಗಳಲ್ಲಿ ದ್ರೌಪದಮ್ಮನ ಕರಗವಿದೆ. ಸಂಕ್ರಾಂತಿಯ ಕಾಲಕ್ಕೆ ಎತ್ತುಗಳನ್ನು ಸಿಂಗರಿಸಿ ಓಡಿಸುವ ಹಬ್ಬವಿದೆ. ಒಂದೇ ಬೀದಿಯಲ್ಲಿ ಪೊಂಗಲ್ ಮಡಕೆಯೂ ಉಕ್ಕುತ್ತದೆ, ಎರಡು ಮೂರು ತಿಂಗಳ ನಂತರ ಯುಗಾದಿಯ ಬೇವುಬೆಲ್ಲವೂ ಹಂಚಿಕೆಯಾಗುತ್ತದೆ. ಊಟದ ತಟ್ಟೆಗೆ ಬಂದರೆ, ನಮಗೆ ಮುದ್ದೆಯಾದದ್ದು ತಮಿಳಿನಲ್ಲಿ ಕಳಿ, ತೆಲುಗಿನಲ್ಲಿ ಸಂಗಟಿ. ಹೆಸರು ಮೂರಾದರೂ ರಾಗಿ ಒಂದೇ, ಅದನ್ನು ಬೆಳೆದ ಹೊಲವೂ ಒಂದೇ.

ಈ ಸೀಮೆ ನಾಡಿಗೆ ಕೊಟ್ಟ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯಲೇಬೇಕು. ಹೊಸೂರಿಗೆ ಹತ್ತಿರದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದರು. ಹೊಸೂರಿನ ಶಾಲೆಯಲ್ಲಿ ಕಲಿತು, ಮುಂದಿನ ಓದಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಗೆ ಏರಿದರು. ರಾಮಾಯಣವನ್ನು ತಮಿಳಿನಲ್ಲಿ ಬರೆದ ಕೃತಿಗೆ ಅವರಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರಿಗಿಂತ ಹದಿಮೂರು ವರ್ಷ ಕಿರಿಯರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ, ಇಂದಿನ ಗಡಿಯ ಆಚೆ, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದರು. ಅವರ ಮನೆಮಾತು ತಮಿಳು. ಅವರು ಬರೆದದ್ದು ಕನ್ನಡದಲ್ಲಿ. ಕನ್ನಡ ಸಣ್ಣಕತೆಗೆ ನೆಲೆಯನ್ನು ಕಟ್ಟಿಕೊಟ್ಟು, 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ತಮಿಳು ಮನೆಮಾತಿನವರು ಕನ್ನಡದ ಆಸ್ತಿಯಾದರು. ಹೊಸೂರಿನಲ್ಲಿ ಓದಿದವರು ಕನ್ನಡ ನಾಡಿನ ಕಾಲೇಜಿನಲ್ಲಿ ಕಲಿತು ತಮಿಳಿನ ಆಸ್ತಿಯಾದರು. ಈ ಕೊಡುಕೊಳ್ಳುವಿಕೆ ನಮ್ಮ ಸೀಮೆಯ ಸ್ವಭಾವ. ಎರಡನೆಯ ಭಾಷೆ ಬಂದರೆ ಮೊದಲನೆಯದು ಹೋಗಬೇಕೆಂಬ ನಿಯಮ ಇಲ್ಲಿ ಎಂದೂ ಇರಲಿಲ್ಲ.

ಇಂಥ ಊರುಗಳು ಪ್ರಪಂಚದಲ್ಲಿ ಬೇರೆಡೆಯೂ ಇವೆ. ಅವು ತಮ್ಮ ನುಡಿಗಳನ್ನು ಹೇಗೆ ನಡೆಸಿಕೊಂಡಿವೆ ಎಂಬುದನ್ನು ತಿಳಿದರೆ ನಮಗೂ ದಾರಿ ತೋರೀತು. ಒಂದು ಉದಾಹರಣೆಯನ್ನು ಮಾತ್ರ ಕೊಡುತ್ತೇನೆ. ನಮ್ಮ ಹೊಸೂರಿನಂತೆಯೇ ಹೂವಿನ ವ್ಯಾಪಾರಕ್ಕೆ ಹೆಸರಾದ ದೇಶ ನೆದರ್‌ಲ್ಯಾಂಡ್ಸ್. ಆ ದೇಶದ ಉತ್ತರಕ್ಕೆ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತ. ಅದರ ರಾಜಧಾನಿ ಲೇವಾರ್ಡೆನ್ ಎಂಬ ಸಣ್ಣ ನಗರ. ದೇಶದ ಭಾಷೆ ಡಚ್ಚಾದರೂ ಆ ಪ್ರಾಂತದ ಜನರ ನುಡಿ ಫ್ರೀಸಿಯನ್. ನಗರದೊಳಗೆ ಇವೆರಡೂ ಬೆರೆತ ಇನ್ನೊಂದು ಆಡುಮಾತು ಬೆಳೆದಿದೆ. ನಮ್ಮ ಹೊಸೂರಿನ ಸಂತೆಯಲ್ಲಿ ಕೇಳುವ ಮಾತಿನ ಹಾಗೆ ಎಂದರೆ ನಿಮಗೆ ಅರ್ಥವಾದೀತು. 1951ರ ನವೆಂಬರ್ 16ರಂದು, ನ್ಯಾಯಾಲಯದಲ್ಲಿ ಫ್ರೀಸಿಯನ್ ನುಡಿಯ ಬಳಕೆಗೆ ಸಂಬಂಧಿಸಿ ಹುಟ್ಟಿದ ಒಂದು ಮೊಕದ್ದಮೆಯ ದಿನ, ಆ ನಗರದ ನ್ಯಾಯಾಲಯದ ಎದುರು ನೆರೆದಿದ್ದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು. ಆದರೆ ಪ್ರಸಂಗ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಶಾಲೆಗಳಲ್ಲಿ ಎರಡು ನುಡಿಗಳ ಬೋಧನೆಗೆ ಅನುಮತಿ ದೊರೆಯಿತು. 1956ರಲ್ಲಿ ನ್ಯಾಯಾಲಯದಲ್ಲಿಯೂ ಫ್ರೀಸಿಯನ್ ಬಳಸಲು ಕಾನೂನು ಅವಕಾಶ ಕೊಟ್ಟಿತು. 1980ರಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಆ ನುಡಿ ಕಡ್ಡಾಯ ಪಾಠವಾಯಿತು. 1997ರಿಂದ ಕೆಲವು ಶಾಲೆಗಳು ಡಚ್, ಫ್ರೀಸಿಯನ್, ಇಂಗ್ಲಿಷ್ ಮೂರರಲ್ಲಿಯೂ ಪಾಠ ಹೇಳುವ ಕ್ರಮವನ್ನು ಕೈಗೊಂಡವು. 2018ರಲ್ಲಿ ಲೇವಾರ್ಡೆನ್ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆಂಬ ಗೌರವಕ್ಕೆ ಪಾತ್ರವಾಯಿತು. ಸಣ್ಣ ನುಡಿಯನ್ನು ಉಳಿಸಿಕೊಂಡದ್ದರಿಂದ ಆ ಊರಿಗೆ ಹಿನ್ನಡೆಯೇನೂ ಆಗಲಿಲ್ಲ.

ಅದೇ ನಗರದ ಇನ್ನೊಂದು ಸಂಪ್ರದಾಯ ನನ್ನ ಮನಸ್ಸನ್ನು ಬಹಳವಾಗಿ ಸೆಳೆದಿದೆ. ಚಳಿಗಾಲದಲ್ಲಿ ಕಾಲುವೆಗಳ ನೀರು ಹೆಪ್ಪುಗಟ್ಟಿದಾಗ, ಲೇವಾರ್ಡೆನ್ನಿನಿಂದ ಹೊರಟು ಹನ್ನೊಂದು ಊರುಗಳನ್ನು ಸುತ್ತಿ ಅಲ್ಲಿಗೇ ಮರಳುವ, ಸುಮಾರು 200 ಕಿಲೋಮೀಟರುಗಳ ಜಾರುಯಾತ್ರೆ ಅದು. 1909ರಿಂದ ನಡೆದುಬಂದ ಈ ಯಾತ್ರೆಗೆ ದಾರಿಯುದ್ದಕ್ಕೂ ಮಂಜುಗಡ್ಡೆ ಸುಮಾರು 15 ಸೆಂಟಿಮೀಟರ್ ದಪ್ಪವಾಗಿರಬೇಕು. ಚಳಿಗಾಲಗಳು ಬೆಚ್ಚಗಾಗುತ್ತ ಬಂದುದರಿಂದ ಅದು ಕೊನೆಯ ಬಾರಿ ನಡೆದದ್ದು 1997ರ ಜನವರಿಯಲ್ಲಿ. ಆದರೂ ಯಾತ್ರೆಯನ್ನು ನಡೆಸುವ ಸಂಘವನ್ನು ಅವರು ಮುಚ್ಚಲಿಲ್ಲ. ಮಂಜು ಬಿದ್ದ ದಿನ ಹೊರಡಲು ಸಿದ್ಧರಾಗಿ ಇಂದಿಗೂ ಕಾದಿದ್ದಾರೆ. ಅನುಕೂಲವಿದ್ದಾಗ ಸಂಪ್ರದಾಯವನ್ನು ನಡೆಸುವುದು ಸುಲಭ. ಅನುಕೂಲವಿಲ್ಲದ ವರ್ಷಗಳಲ್ಲಿ ಅದಕ್ಕೆ ಬೇಕಾದ ಸಿದ್ಧತೆಯನ್ನು ಬಿಡದಿರುವುದೇ ಕಷ್ಟ.

ನಮ್ಮ ಶಾಲೆಗೂ ಈಗ ಅಂಥ ಅನುಕೂಲವಿಲ್ಲದ ವರ್ಷಗಳು. ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ನಿಮಗೆಲ್ಲ ತಿಳಿದ ವಿಷಯ. ದಾಖಲಾತಿಯ ಕಾಲದಲ್ಲಿ ನಾವು ಮನೆಮನೆಗೆ ಹೋದಾಗ ತಾಯಂದಿರು ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಓದಿ ನಮ್ಮ ಮಗು ಮುಂದೆ ಏನು ಮಾಡೀತು, ಟೀಚರಮ್ಮಾ?" ಈ ಪ್ರಶ್ನೆ ಕೇಳುವ ತಾಯಿಯನ್ನು ನಾನು ಎಂದಿಗೂ ಆಕ್ಷೇಪಿಸಲಾರೆ. ಮಗುವಿನ ಅನ್ನದ ಚಿಂತೆ ಅವಳದು. ಆ ಚಿಂತೆಗೆ ಅಭಿಮಾನದ ಭಾಷಣ ಉತ್ತರವಾಗುವುದಿಲ್ಲ. ಆದ್ದರಿಂದ ನೇರವಾಗಿ ಹೇಳುತ್ತೇನೆ.

ನಮ್ಮ ಶಾಲೆಯ ಮಗು ಕನ್ನಡವನ್ನು ಮಾತ್ರ ಕಲಿಯುವುದಿಲ್ಲ. 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ಒಂದನೆಯ ತರಗತಿಯಿಂದಲೇ ತಮಿಳು ಪಾಠವಿದೆ. ಇಂಗ್ಲಿಷ್ ಇದ್ದೇ ಇದೆ. ಕಾಯಿದೆ ಬಂದಾಗ ಭಾಷಾ ಅಲ್ಪಸಂಖ್ಯಾತರಲ್ಲಿ ಆತಂಕ ಉಂಟಾದದ್ದು ನಿಜ. ಪರೀಕ್ಷೆಯ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದೂ ನಿಜ. ಆದರೆ ತಮಿಳನ್ನು ಕಲಿಯುವುದು ನಮಗೆ ಹೊರೆಯೆಂದು ನಾನು ಭಾವಿಸುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಬರೆಯಲು, ಕಾರ್ಖಾನೆಯಲ್ಲಿ ಕೆಲಸ ಮಾಡಲು, ಈ ರಾಜ್ಯದ ಗೌರವಾನ್ವಿತ ಪ್ರಜೆಯಾಗಿ ಬಾಳಲು ತಮಿಳು ಬೇಕು. ನಲವತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ಬದುಕು ಕಟ್ಟಿಕೊಳ್ಳಲು ಕನ್ನಡ ಬೇಕು. ಎರಡಕ್ಕೂ ಮೇಲಿನ ಓದಿಗೆ ಇಂಗ್ಲಿಷ್ ಬೇಕು. ಈ ಮೂರನ್ನೂ ಒಂದೇ ಸೂರಿನಡಿ ಕೊಡಬಲ್ಲ ಶಾಲೆ ಬಡವರ ಶಾಲೆಯಲ್ಲ, ಭಾಗ್ಯವಂತರ ಶಾಲೆ. ಮನೆಯಲ್ಲಿ ಕೇಳಿದ ನುಡಿಯಲ್ಲಿ ಮೊದಲ ಅಕ್ಷರ ತಿದ್ದಿದ ಮಗು ಲೆಕ್ಕವನ್ನೂ ವಿಜ್ಞಾನವನ್ನೂ ಬಾಯಿಪಾಠ ಮಾಡದೆ ಅರ್ಥಮಾಡಿಕೊಂಡು ಕಲಿಯುವುದನ್ನು ನಾವು ಶಿಕ್ಷಕಿಯರು ತರಗತಿಯಲ್ಲಿ ಪ್ರತಿದಿನವೂ ಕಾಣುತ್ತೇವೆ.

ನಮ್ಮ ಸಂವಿಧಾನವೂ ಈ ಮಾತನ್ನು ಮರೆತಿಲ್ಲ. ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದ 1956ರಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ಗೆರೆ ಎಳೆದಾಗ ಯಾರಾದರೂ ಆಚೆ ಈಚೆ ಉಳಿದೇ ಉಳಿಯುತ್ತಾರೆಂಬುದನ್ನು ಬಲ್ಲವರು ಬರೆದ ವಿಧಿ ಅದು. ಕಾಸರಗೋಡಿನ ಕನ್ನಡ ಮಗುವಿಗೂ, ಬೆಂಗಳೂರಿನ ತಮಿಳು ಮಗುವಿಗೂ, ಆಲಸನತ್ತದ ನಮ್ಮ ಮಗುವಿಗೂ ಅದು ಸಮಾನವಾಗಿ ಸಲ್ಲುತ್ತದೆ. ಆದರೆ ಕಾನೂನು ಕಟ್ಟಡವನ್ನು ಕೊಟ್ಟೀತು, ಪುಸ್ತಕವನ್ನು ಕೊಟ್ಟೀತು, ಶಿಕ್ಷಕರನ್ನು ಕೊಟ್ಟೀತು. ಮಗುವನ್ನು ಕಳುಹಿಸಿಕೊಡಬೇಕಾದವರು ನೀವು.

ಕೊನೆಯದಾಗಿ, ಶತಮಾನೋತ್ಸವದ ನೆನಪಿಗೆ ನಾವು ಕೈಗೊಳ್ಳಬಹುದಾದ ಒಂದು ಕೆಲಸವನ್ನು ಸಭೆಯ ಮುಂದೆ ಇಡುತ್ತೇನೆ. ಬಡಾವಣೆಗಳು ಏಳುತ್ತಿರುವಂತೆ ಹೊಲಗಳ ಹೆಸರುಗಳು ಅಳಿಯುತ್ತಿವೆ. ಯಾವ ಕಟ್ಟೆಗೆ ಏನೆನ್ನುತ್ತಿದ್ದರು, ಯಾವ ಬಾವಿಯನ್ನು ಯಾರು ತೋಡಿಸಿದರು, ತೇರಿನ ದಿನ ಯಾವ ಮನೆಯವರಿಗೆ ಯಾವ ಸೇವೆ ಸಲ್ಲುತ್ತಿತ್ತು, ರಾಗಿ ಬೀಸುವಾಗ ಯಾವ ಹಾಡು ಹಾಡುತ್ತಿದ್ದರು ಎಂಬುದು ಇಂದು ಕೆಲವೇ ಅಜ್ಜಿತಾತಂದಿರ ನೆನಪಿನಲ್ಲಿದೆ. ಪ್ರತಿವರ್ಷವೂ ನಮ್ಮ ಎಂಟನೆಯ ತರಗತಿಯ ಮಕ್ಕಳು ಸುತ್ತಲಿನ ಒಂದೊಂದು ಊರನ್ನು ಆರಿಸಿಕೊಂಡು, ಹಿರಿಯರ ಬಳಿ ಕುಳಿತು ಕೇಳಿ, ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ತಮಿಳಿನ ಮತ್ತು ತೆಲುಗಿನ ಹೆಸರುಗಳನ್ನೂ ಸೇರಿಸಿ, ಒಂದು ಪುಸ್ತಕವನ್ನು ಸಿದ್ಧಪಡಿಸಲಿ. ಹಳೆಯ ವಿದ್ಯಾರ್ಥಿಗಳು ಅದರ ಮುದ್ರಣದ ವೆಚ್ಚಕ್ಕೆ ನೆರವಾಗಲಿ. ತಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಪಹಣಿ, ಪತ್ರ, ಭಾವಚಿತ್ರಗಳನ್ನು ನಕಲು ಮಾಡಿಕೊಳ್ಳಲು ಕೊಡಲಿ. ಹತ್ತು ವರ್ಷಗಳಲ್ಲಿ ಹತ್ತು ಊರುಗಳ ಚರಿತ್ರೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಇರುತ್ತದೆ. ಅದನ್ನು ತಮಿಳು ಶಾಲೆಯ ಮಕ್ಕಳೂ ತಮ್ಮ ನುಡಿಗೆ ತಂದುಕೊಳ್ಳಲಿ ಎಂಬುದು ನನ್ನ ಆಸೆ.

ನೂರು ವರ್ಷಗಳ ಹಿಂದೆ ಇಲ್ಲಿ ಪಾಠವನ್ನು ಆರಂಭಿಸಿದವರು, ಇಂದಿನ ಕಾರ್ಖಾನೆಗಳನ್ನಾಗಲಿ ಮಹಾನಗರಪಾಲಿಕೆಯನ್ನಾಗಲಿ ಕನಸಿನಲ್ಲಿಯೂ ಕಂಡಿರಲಾರರು. ಊರಿನ ಮಕ್ಕಳು ಊರಿನ ನುಡಿಯಲ್ಲಿ ಓದು ಕಲಿಯಲಿ ಎಂಬಷ್ಟೇ ಅವರ ಬಯಕೆಯಾಗಿದ್ದೀತು. ಆ ಬಯಕೆ ಇಂದಿಗೂ ಸಣ್ಣದಲ್ಲ. ಬರುವ ಜೂನ್ ತಿಂಗಳಲ್ಲಿ ದಾಖಲಾತಿ ಆರಂಭವಾಗುತ್ತದೆ. ಈ ಸಭೆಯಲ್ಲಿರುವ ಪ್ರತಿಯೊಂದು ಕುಟುಂಬವೂ ತನ್ನ ಬೀದಿಯ ಒಂದು ಮಗುವನ್ನಾದರೂ ಕೈಹಿಡಿದು ಕರೆತಂದರೆ, ಹಲಗೆ ಬಳಪಗಳನ್ನು ಸಿದ್ಧವಾಗಿಟ್ಟುಕೊಂಡು ನಾವು ಬಾಗಿಲಲ್ಲಿ ನಿಂತಿರುತ್ತೇವೆ.